‘ಕಟ್’ ಅಂದ ಮೇಲಿನ ಮುಖ

ನಟಿ ವಿಲ್ಮಾ ಕೀಟಿಂಗ್‌ಗೆ ಅಳೋಕೇ ಬರೋಲ್ಲ ಎಂದು ಆ ವರ್ಷ, ಅಂದರೆ ೧೯೪೭ರಲ್ಲಿ, ಹಾಲಿವುಡ್ಡಿನ ಒಂದು ಸ್ಟುಡಿಯೋ ತುಂಬ ಗುಲ್ಲು. ಅವಳದು ಗಂಡನನ್ನು ಕೊಲ್ಲಿಸುವ ಹೆಂಡತಿಯ ಪಾತ್ರ. ಪಕ್ಕದ ಕೋಣೆಯಲ್ಲಿ ಗುಂಡು ಹಾರಿದಾಗ ಮುಖದಲ್ಲಿ ಏನಾದರೂ ಆಗಬೇಕಲ್ಲ? ಎಷ್ಟು ಸಲ ತೆಗೆದರೂ ಕಣ್ಣರಳಿಸುವುದೊಂದೇ. ಶುಕ್ರವಾರ ಚಿತ್ರ ನೋಡುತ್ತೇನೆ, ಹಿಡಿಸದಿದ್ದರೆ ಅವಳನ್ನು ಕಿತ್ತುಹಾಕಿ ಬೇರೊಬ್ಬಳನ್ನು ತರುತ್ತೇನೆ ಎಂದು ನಿರ್ಮಾಪಕ ಕ್ರೌಡರ್ ಗುಡುಗಿದ್ದ.

ಗುರುವಾರ ಮಧ್ಯಾಹ್ನ ಸಂಕಲನ ವಿಭಾಗದ ಅಗಾಥಾ ಪೊಲಾಕ್ ವಿಲ್ಮಾಳಿಗೆ ಹೇಳಿಕಳಿಸಿದಳು. ಮೂಕಿ ಚಿತ್ರಗಳ ಕಾಲದಿಂದ ಕತ್ತರಿ ಹಿಡಿದವಳು. ತೆರೆಯ ಮೇಲಿನ ಎಷ್ಟೋ ಕೊಲೆಗಳು ನಿಜಕ್ಕೂ ನಡೆದದ್ದು ಅವಳ ಮೇಜಿನ ಮೇಲೆ. ಚಿತ್ರದಲ್ಲಿ ಅವಳ ಹೆಸರು ಹಾಕುವಾಗ ಮಾತ್ರ ಎಲ್ಲರಿಗೂ ಮರೆವು. ಮೈಯೆಲ್ಲ ಅಂಟಿನ ವಾಸನೆ, ಕೊರಳಲ್ಲಿ ಫಿಲ್ಮಿನ ತುಂಡುಗಳ ಹಾರ, ಬಾಯಿ ತುಂಬ ಬೈಗುಳ.

"ಬಾರೇ ಮಹಾರಾಣಿ. ಬಾಯಿ ಮುಚ್ಕೊಂಡು ನೋಡು."

ಸಂಕಲನ ಯಂತ್ರದ ಪುಟ್ಟ ಪರದೆಯ ಮೇಲೆ ಕತ್ತಲ ಕೋಣೆ, ಕಿಟಕಿಯಿಂದ ಪಟ್ಟಿ ಪಟ್ಟಿ ಬೆಳಕು. ಗುಂಡಿನ ಸದ್ದು. ಆಮೇಲೆ ವಿಲ್ಮಾಳ ಮುಖ. ಅಬ್ಬಾ! ಅಳುವಿಲ್ಲ, ಅರಚಾಟವಿಲ್ಲ. ತುಟಿ ತುಸು ಸಡಿಲಾಗುತ್ತದೆ, ಕಣ್ಣು ಖಾಲಿಯಾಗುತ್ತದೆ, ಅಷ್ಟೆ. ತನ್ನ ಮುಖವನ್ನೇ ಗುರುತು ಸಿಗದವಳಂತೆ ವಿಲ್ಮಾ ಬಗ್ಗಿ ನೋಡಿದಳು.

"ಇದು ನಾನು ಮಾಡಿದ್ದಲ್ಲ."

"ಮಾಡಿದ್ದಲ್ಲ, ಬಂದಿದ್ದು. ಡೈರೆಕ್ಟರ್ ‘ಕಟ್’ ಅಂದ್ಮೇಲೂ ಕ್ಯಾಮೆರಾ ಒಂಚೂರು ಓಡ್ತಿತ್ತು. ಎಲ್ರೂ ಬುಟ್ಟಿಗೆ ಎಸೆಯೋ ತುಂಡು. ಸೋಮವಾರ ಬೆಳಿಗ್ಗೆದು."

ಸೋಮವಾರ ಬೆಳಿಗ್ಗೆ ದೂರದ ಒಹಾಯೋದಲ್ಲಿ ವಿಲ್ಮಾಳ ತಾಯಿಯನ್ನು ಮಣ್ಣು ಮಾಡಿದ್ದರು. ಕ್ರೌಡರ್ ರಜೆ ಕೊಟ್ಟಿರಲಿಲ್ಲ.

"ನಂಗೊತ್ತು ಕಣೇ, ಮೇಕಪ್ಪಿನವಳು ಹೇಳಿದ್ಲು," ಅಗಾಥಾಳ ದನಿ ಇಳಿಯಿತು. "ಇದು ನಿನ್ನ ದುಃಖ. ಕದಿಯೋಕೆ ನಾನ್ಯಾರು? ಬೇಡ ಅಂದ್ರೆ ಈಗ್ಲೇ ತೆಗೆದು ನಿನ್ನ ಕೈಗೆ ಕೊಡ್ತೀನಿ. ನಾಳೆ ಕ್ರೌಡರ್ ಕುಣಿಯೋದಾದ್ರೆ ಕುಣೀಲಿ."

ಎಂಥ ಕಣ್ಣಪ್ಪಾ ಈ ಹೆಂಗಸಿನದು! ಅಂದು ದೀಪಗಳ ಕೆಳಗೆ ಅಷ್ಟೊಂದು ಜನ ನಿಂತಿದ್ದರು, ಒಬ್ಬರಿಗೂ ಕಂಡಿರಲಿಲ್ಲ. ವಿಲ್ಮಾ ಪರದೆಯ ಮೇಲಿನ ಆ ಮುಖದ ಮೇಲೆ ಬೆರಳಾಡಿಸಿದಳು.

"ಇರ್ಲಿ," ಅಂದಳು. "ನಮ್ಮಮ್ಮನ್ನ ಕಳಿಸ್ಕೊಡೋಕೆ ನಾಲ್ಕು ಜನಾನೂ ಇರ್ಲಿಲ್ವಂತೆ. ಈಗ ಊರೂರಲ್ಲೂ ಈ ಚಿತ್ರ ನೋಡೋ ಜನ ಅವಳಿಗಾಗಿ ಒಂದು ಗಳಿಗೆ ಸುಮ್ನೆ ಕೂರ್ಲಿ."

ಅಗಾಥಾ ಆ ತುಂಡನ್ನು ಇನ್ನಷ್ಟು ಉದ್ದ ಬಿಟ್ಟು ಅಂಟಿಸಿದಳು.

ಮರುದಿನ ಆ ಮುಖ ತೆರೆಗೆ ಬಂದಾಗ ಕ್ರೌಡರ್‌ನ ಬಾಯಲ್ಲಿದ್ದ ಚುಟ್ಟ ಆರಿಹೋಯಿತು. "ಏನು ನಟನೆ! ಇವಳೇ ಇರ್ಲಿ," ಎಂದು ಕೂಗಿದ. ಹಿಂದಿನ ಸಾಲಿನಲ್ಲಿದ್ದ ವಿಲ್ಮಾ ಪಕ್ಕಕ್ಕೆ ತಿರುಗಿದಳು. ಅಗಾಥಾ ಶವಸಂಸ್ಕಾರಕ್ಕೆ ಬಂದವಳಂತೆ ಕಪ್ಪು ಉಡುಪು ತೊಟ್ಟು ಬಂದು ಕೂತಿದ್ದಳು. ಅವಳ ಅಂಟು ಮೆತ್ತಿದ ಕೈ ಹಿಡಿದುಕೊಂಡು ವಿಲ್ಮಾ ಆಗ ಅತ್ತಳು.