ನೀರಗಂಟಿ ಲೆಕ್ಕ ಹಾಕಿದ ವಿಮಾನ

ಕಳೆದ ವರ್ಷ ಕಾರ್ತಿಕದ ಒಂದು ಬೆಳಿಗ್ಗೆ ಆರೂವರೆಗೆ ನಾನು ನವಲಿಯಲ್ಲಿ, ನನ್ನ ಸೋದರತ್ತೆಯ ಮನೆಯ ಕಟ್ಟೆಯ ಎಡಬದಿಗೆ ನಿಂತಿದ್ದೆ. ಒಳಗೆ ಅತ್ತೆಯ ದೇಹವಿತ್ತು. ಹಿಂದಿನ ಮಧ್ಯಾಹ್ನ ತೀರಿಕೊಂಡಿದ್ದಳು. ಒಬ್ಬನೇ ಮಗ ಅಕ್ಕಿ ಗಿರಣಿಯ ಫಿಟ್ಟರ್. ಕಾರಟಗಿಯಲ್ಲಿ ಕಲಿತ ಕೆಲಸ ಅವನನ್ನು ಆಫ್ರಿಕಾದ ದಾರ್ ಎಸ್ ಸಲಾಮ್‌ವರೆಗೆ ಒಯ್ದಿತ್ತು. ಮೊದಲ ಹಿಡಿ ಮಣ್ಣು ಅವನದಾಗಬೇಕು. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಮಣ್ಣು ಕೊಡುವುದಿಲ್ಲ. ಇನ್ನೊಂದು ರಾತ್ರಿ ಇಡಲು ಹಿರಿಯರು ಒಪ್ಪಿರಲಿಲ್ಲ.

ಅವನ ಜೊತೆಗಾರ ಫೋನಿನಲ್ಲಿ ಹೇಳಿದ್ದು ಇಷ್ಟೇ: ನಮ್ಮ ಗಡಿಯಾರದಲ್ಲಿ ರಾತ್ರಿ ಹನ್ನೆರಡೂವರೆಗೆ ವಿಮಾನ ಬಿಟ್ಟಿದೆ, ಅವಸರದಲ್ಲಿ ಅವನು ಮೊಬೈಲನ್ನು ಅಲ್ಲೇ ಮರೆತಿದ್ದಾನೆ. ನಾನು ಕೂಡಿಸಿದೆ. ಮುಂಬೈಗೆ ಸುಮಾರು ನಾಲ್ಕೂವರೆ ಸಾವಿರ ಕಿಲೋಮೀಟರ್, ಆರು ತಾಸು. ಅಲ್ಲಿಂದ ಹುಬ್ಬಳ್ಳಿಗೆ ಒಂದೂವರೆ. ಕಾರಿನಲ್ಲಿ ನಾಲ್ಕು. ಹನ್ನೆರಡಕ್ಕೆ ಬರುತ್ತಾನೆ ಎಂದೆ. ನಾನು ಗಣಿತ ಕಲಿಸುವವನು, ಯಾರೂ ಅನುಮಾನಿಸಲಿಲ್ಲ. ಒಂದು ಗಂಟೆಗೆ ದೇಹ ಎತ್ತುವುದೆಂದು ನಿಶ್ಚಯವಾಯಿತು.

ಕಾಲುವೆ ನೀರನ್ನು ಹೊಲಹೊಲಕ್ಕೆ ಸರದಿಯ ಮೇಲೆ ಬಿಡುವ ನೀರಗಂಟಿ ಮಾತ್ರ ನನ್ನ ಹತ್ತಿರ ಬಂದರು.

"ಮಾಸ್ತರ್ರ, ಇದು ಬರೇ ಹರಿಯೂ ಹೊತ್ತಾತ್ರಿ. ನಿಲ್ಲೂ ಹೊತ್ತು ಎಲ್ಲಿ ಹಿಡದ್ರಿ?"

"ವಿಮಾನ ನಡುವ ಎಲ್ಲಿ ನಿಂದರತೈತೋ?" ಎಂದರು ಅತ್ತೆಯ ಮೈದುನ.

"ವಿಮಾನ ನಿಂದರಂಗಿಲ್ರಿ, ಮನಷ್ಯಾ ನಿಂದರತಾನ. ಮ್ಯಾಲಿನ ಗೇಟ್ ಎತ್ತಿದ ಕೂಡ್ಲೇ ಕಡೀ ಹೊಲಕ್ಕ ನೀರು ಬರತೈತೇನ್ರಿ? ನಡುವ ಎಷ್ಟು ಗೇಟ್ ಅದಾವ, ಹೇಳ್ರಿ."

ಹೇಳಿದೆ. ಪಾಸ್‌ಪೋರ್ಟಿನ ಸಾಲು, ಸಾಮಾನು, ಮತ್ತೊಂದು ತಪಾಸಣೆ, ಹುಬ್ಬಳ್ಳಿ ವಿಮಾನಕ್ಕೆ ಕಾಯುವುದು. ಒಂದೊಂದಕ್ಕೂ "ಅಲ್ಲಿ ಮಂದಿ ಭಾಳ ಇರತಾರೇನ್ರಿ?" ಎಂದು ಕೇಳಿ ಬೆರಳು ಮಡಚಿದರು. ವಿಮಾನವನ್ನು ಹತ್ತಿರದಿಂದ ಕಂಡವರೇ ಅಲ್ಲ.

"ಐದೂವರಿ."

"ವಿಮಾನಕ್ಕೂ ಪಾಳಿ ಹಚ್ಚಿದೇನೋ?" ಮೈದುನ ಚುಚ್ಚಿದರು.

"ಹಚ್ಚೀನ್ರಿ. ಸುಳ್ಳಾದ್ರ ನಾಳಿಂದ ನಿಮ್ಮ ಗೇಟ್ ನೀವ ಎತ್ಕೊಳ್ರಿ."

ಹನ್ನೆರಡಾಯಿತು, ಒಂದಾಯಿತು. ಎತ್ತಲು ನಾಲ್ವರು ಎದ್ದರು. ನೀರಗಂಟಿ ಹೋಗಿ ಹೊಸ್ತಿಲ ಮೇಲೆ ಕುಳಿತರು. "ಐದೂವರಿ ಅಂದೀನ್ರಿ." ದಾಟಿ ಹೋಗುವ ಧೈರ್ಯ ಯಾರಿಗೂ ಆಗಲಿಲ್ಲ. ನಾನು ತಲೆ ತಗ್ಗಿಸಿದ್ದೆ.

ನಾಲ್ಕೂವರೆಗೆ ನೀರಗಂಟಿಯೇ ಎದ್ದು ದಾರಿ ಬಿಟ್ಟರು; ಹೊಲಕ್ಕೆ ಒಯ್ದು, ನಮ್ಮ ಪದ್ಧತಿಯಂತೆ ಕುಣಿಯಲ್ಲಿ ಕೂರಿಸಿ, ಮಗನಿಗಾಗಿ ಮುಖ ಮುಚ್ಚದೆ ಕಾದೆವು. ಐದೂವರೆಗೆ ಯಾರೂ ಬರಲಿಲ್ಲ. ಬಿಸಿಲು ಗದ್ದೆಯ ಆಚೆಯ ಬದುವಿನ ಮೇಲಷ್ಟೇ ಉಳಿದಿತ್ತು. ಒಬ್ಬರು ಸಲಿಕೆ ಹಿಡಿದರು. ನನ್ನ ಗಡಿಯಾರದಲ್ಲಿ ಐದು ನಲವತ್ತಕ್ಕೆ ಕಾಲುವೆ ಏರಿಯ ಮೇಲೆ ಬಿಳಿ ಕಾರು ನಿಂತಿತು. ಮಗ ಬರಿಗಾಲಲ್ಲಿ ಓಡಿಬಂದು ತಾಯಿಯ ಮುಖ ನೋಡಿದ. ಆಮೇಲೆ ಮಣ್ಣು ಹಿಡಿದ.

ನಾನೂ ಒಂದು ಹಿಡಿ ಮಣ್ಣು ಹಾಕಿದೆ. ನೀರಗಂಟಿ ಪಕ್ಕಕ್ಕೆ ಬಂದು, ತಪ್ಪೊಪ್ಪಿಕೊಳ್ಳುವವರಂತೆ, "ಹತ್ತು ಮಿನಿಟು ತಪ್ಪೇತ್ರಿ. ದಾರ್ಯಾಗಿನ ಗಂಗಾವತಿ ಗದ್ದಲ ನಾ ಹಿಡದಿದ್ದಿಲ್ಲ" ಎಂದರು.

ನಂಬದಿದ್ದರೆ ಕೇಳಿ ನೋಡಿ; ಇದನ್ನು ಕಂಡವರಲ್ಲಿ ಅತ್ತೆಯ ಮೈದುನ ಈಗಿಲ್ಲ. ಆ ಮಗ ಇದ್ದಾನೆ, ಕಾರು ತಂದ ಹುಬ್ಬಳ್ಳಿಯ ಡ್ರೈವರ್ ಇದ್ದಾನೆ, ಕುಣಿಯ ಬಲಬದಿಗೆ ನಿಂತಿದ್ದ ಚಿಕ್ಕತ್ತೆ ಇದ್ದಾಳೆ. ನೀರಗಂಟಿಯೂ ಇದ್ದಾರೆ.