ಪೆನಿಸಿಲಿನ್ನಿಗೆ ಅಡ್ಡ ಬಂದ ಬೇವಿನ ಸೊಪ್ಪು

ರೋಗಿಯ ಮಾತೇ ವೈದ್ಯನಿಗೆ ಪರಮ ಪ್ರಮಾಣ ಎಂದು ಕಾಲೇಜಿನಲ್ಲಿ ನಮಗೆ ಬೋಧಿಸಿದ್ದರು. ಬೋಧಿಸಿದವರು ಶಿಫ್ಟ್ ಬಸ್ಸಿಗೆ ಹೊತ್ತಾದ ರೋಗಿಯನ್ನು ನೋಡಿರಲಿಲ್ಲ.

ಕೊರೊನಾ ಗಲಾಟೆ ತಣ್ಣಗಾದ ವರ್ಷ ನಾನು ಹೊಸೂರಿನ ಆಲಸನತ್ತಂನಲ್ಲಿ ಸಣ್ಣ ಆಸ್ಪತ್ರೆಯೊಂದರ ವೈದ್ಯನಾಗಿದ್ದೆ. ಒಂದು ಮಧ್ಯಾಹ್ನ ಅವಲಪಲ್ಲಿಯ ಮಂಜುನಾಥ ಕುಂಟುತ್ತ ಬಂದ. ಜೊತೆಗೆ ಅವನ ಅಜ್ಜಿ ಯಲ್ಲಮ್ಮ. ಕಾರ್ಖಾನೆಯಲ್ಲಿ ತಗಡು ಕೊಯ್ದ ಪಾದ ಬಾತು, ಅದರ ಕೆಂಪು ಮೊಣಕಾಲಿನತ್ತ ಏರುತ್ತಿತ್ತು. ಮೈ ಕೆಂಡ. ಸೋಂಕು ರಕ್ತಕ್ಕಿಳಿದರೆ ಕಾಲಿಗಿಂತ ದೊಡ್ಡದೇ ಹೋಗುತ್ತದೆ. ಪೆನಿಸಿಲಿನ್ ಜಾತಿಯ ಇಂಜೆಕ್ಷನ್ ಬರೆದು, ಯಾವುದಾದರೂ ಔಷಧಿಗೆ ಅಲರ್ಜಿ ಆಗಿತ್ತೇ ಎಂದು ಕೇಳಿದೆ.

"ಏನಿಲ್ಲ ಸಾರ್. ಬಿರ್ನೆ ಚುಚ್ಚಿ, ಬಸ್ ಹೋಗ್ಬುಡ್ತದೆ."

"ಇವ್ನು ಹೋಗ್ದಿದ್ರೆ ಫ್ಯಾಕ್ಟ್ರಿ ಬಾಗ್ಲು ಹಾಕ್ಬುಡ್ತಾರೆ ಕಣಪ್ಪ," ಎಂದಳು ಅಜ್ಜಿ.

ನರ್ಸ್ ಸಿರಿಂಜಿಗೆ ಔಷಧಿ ಎಳೆದು, ತೋಳಿಗೆ ಸ್ಪಿರಿಟ್ ಒರೆಸಿದಳು. ಅಷ್ಟರಲ್ಲಿ ಅಜ್ಜಿ ಸೆರಗಿನ ಗಂಟಿನಿಂದ ಬೇವಿನ ಸೊಪ್ಪು ತೆಗೆದು ಮೊಮ್ಮಗನ ಜೇಬಿಗೆ ತುರುಕಿದಳು.

"ಸ್ವಲ್ಪ ತಡಿಯಮ್ಮ," ಎಂದೆ ನರ್ಸಿಗೆ. "ಇದ್ಯಾಕಜ್ಜಿ?"

"ಆಸ್ಪತ್ರೆನಾಗೆ ಅಮ್ಮನ ಮಾತು ಆಡ್ಬಾರ್ದು ಸ್ವಾಮಿ."

ಮೈಮೇಲೆ ಗುಳ್ಳೆ ಎದ್ದರೆ ನಮ್ಮ ಕಡೆ ಅದು ಕಾಯಿಲೆಯಲ್ಲ, ಅಮ್ಮ ಬಂದಿರುವುದು. ಅದಕ್ಕೆ ಬೇವಿನ ಸೊಪ್ಪೇ ಗತಿ; ಔಷಧಿ ಕೊಡುವುದಿಲ್ಲ, ಡಾಕ್ಟರಿಗೆ ಹೇಳುವುದೂ ಇಲ್ಲ. ಸೂಜಿ ಇನ್ನೂ ತೋಳಿನ ಹತ್ತಿರವೇ ಇತ್ತು.

"ಅಮ್ಮನೇ ಕೇಳು ಅಂದ್ಲು ಅಂತ ತಿಳ್ಕೊ. ಯಾವಾಗ ಬಂದಿದ್ಲು?"

ಅಜ್ಜಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಹೋದ್ ವರ್ಸ ಹಲ್ಲು ನೋವು ಅಂತ ಮೆಡಿಕಲ್ ಸ್ಟೋರ್ ಮಾತ್ರೆ ನುಂಗ್ದ. ಕಾಪಿ ಲೋಟ ಕೆಳಗಿಡೋದ್ರೊಳ್ಗೆ ಮೈಯೆಲ್ಲ ದದ್ದು, ತುಟಿ ಬೋಂಡ ಆದಂಗಾಯ್ತು. ಉಸ್ರು ಎಳ್ಕೊಂಡ. ಬೇವಿನ ಸೊಪ್ಪು ಹಾಸಿ ಮಲಗ್ಸಿದ್ವಿ. ಸಂಜೆಗೆ ತಣ್ಣಗಾದ್ಲು."

ಅಮ್ಮ ಅಷ್ಟು ಅವಸರದವಳಲ್ಲ. ಬಂದರೆ ವಾರವಾದರೂ ತಂಗುತ್ತಾಳೆ. ಕಾಫಿ ಮುಗಿಯುವುದರೊಳಗೆ ಬಂದು ಸಂಜೆಗೆ ಹೊರಡುವುದು ಔಷಧಿಯ ಅಲರ್ಜಿ. ಯಾವ ಮೆಡಿಕಲ್ ಸ್ಟೋರ್ ಎಂದು ಕೇಳಿ ಅಲ್ಲಿಗೆ ಫೋನ್ ಮಾಡಿದೆ. ಹಲ್ಲು ನೋವೆಂದು ಬಂದವರಿಗೆಲ್ಲ ಅವರು ಕೊಡುತ್ತಿದ್ದದ್ದು ಅಮಾಕ್ಸಿಸಿಲಿನ್, ಪೆನಿಸಿಲಿನ್ನಿನ ಒಡಹುಟ್ಟು. ಆ ಜಾತಿಯದನ್ನೇ ಈಗ ನೇರ ರಕ್ತಕ್ಕೆ ಬಿಡುವುದರಲ್ಲಿದ್ದೆವು.

ಸಿರಿಂಜ್ ಕಸದ ಡಬ್ಬಿಗೆ ಹೋಯಿತು. ಬೇರೆ ಜಾತಿಯ ಕ್ಲಿಂಡಾಮೈಸಿನ್ ಡ್ರಿಪ್ ಹಾಕಿ, ಮತ್ತೆ ಅಲರ್ಜಿ ಎದ್ದರೆ ಇರಲೆಂದು ಪಕ್ಕದಲ್ಲಿ ಅಡ್ರಿನಲಿನ್ ಇರಿಸಿ, ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದೆ. ಸಂಜೆ ಕೆಂಪು ಆ ಗೆರೆಯನ್ನು ದಾಟಿತು. ಮಂಜುನಾಥ ಬಸ್ಸಿನ ಮಾತು ಬಿಟ್ಟ. ಅಜ್ಜಿ ತಮಾಷೆ ಬಿಟ್ಟಳು. ಮರುದಿನವೂ ಅದು ಅಲ್ಲೇ ನಿಂತಿತ್ತು. ಅದರ ಮರುದಿನ ಗೆರೆಯಿಂದ ಹಿಂದೆ ಸರಿಯಿತು.

ಅಂದಿನಿಂದ ಅಲರ್ಜಿಯ ಪ್ರಶ್ನೆಯ ಬೆನ್ನಿಗೆ ಇನ್ನೊಂದನ್ನೂ ಕೇಳುತ್ತೇನೆ: "ಮಾತ್ರೆ ನುಂಗಿದ ಮೇಲೆ ಅಮ್ಮ ಬಂದಿದ್ದುಂಟಾ?" ಓದಿದವರು ನಗುತ್ತಾರೆ. ಕೆಲವರು ನಗುವುದಿಲ್ಲ.

ಮಂಜುನಾಥನ ಕಾಲು ಉಳಿಯಿತು.