ಪೆನಾಂಗಿನ ಕೆಂಪು ಸಾಸು

ಮೊನ್ನೆ ಮಗಳು ಫೋನಿನಲ್ಲಿ ನೋಡಿಕೊಂಡು ಯಾವುದೋ ಚೈನೀಸ್ ಸಾಸು ಮಾಡಲು ಹೊರಟಳು. ಒಣಮೆಣಸು ಹುರಿದ ಬಾಣಲೆಗೆ ವಿನೆಗರ್ ಬಿದ್ದ ಕೂಡಲೇ ಘಾಟು ಮನೆಯೆಲ್ಲ ತುಂಬಿತು. ನಾನು ಮೊದಲು ಗ್ಯಾಸ್ ನೋಡಿದೆ, ಆಮೇಲೆ ಕಿಟಕಿ ತೆರೆದೆ, ಆಮೇಲೆ ನನ್ನ ಬಿಪಿಯ ಬಗ್ಗೆ ಯೋಚಿಸಿದೆ. ಬಾಯಮ್ಮ ನೆನಪಾದದ್ದು ಇದೆಲ್ಲ ಮುಗಿದ ಮೇಲೆ…

ಎಂಬತ್ತರ ದಶಕದ ಮೊದಲಲ್ಲಿ ಕಾಪುವಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಕ್ರಿಶ್ಚಿಯನ್ ಹೆಂಗಸರನ್ನು ನಮ್ಮಲ್ಲಿ ಬಾಯಮ್ಮ ಎನ್ನುವುದು. ಹೆಸರು ಕೇಳುವ ಅಗತ್ಯ ನನಗೆ ಬರಲೇ ಇಲ್ಲ. ಗಂಡ ಹಡಗಿನಲ್ಲಿ ಅಡುಗೆಯವರಾಗಿದ್ದು, ಗಂಟಲಿನ ಗಡ್ಡೆಯೊಂದಿಗೆ ಊರಿಗೆ ಮರಳಿದವರು. ಮಣಿಪಾಲದ ಆಸ್ಪತ್ರೆಯಲ್ಲಿ ಗಂಟಲಿಗೆ ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟರು. ಗಡ್ಡೆ ಕರಗಿತು ಎಂದರು, ಆದರೆ ಮನುಷ್ಯ ಊಟವನ್ನೇ ಬಿಟ್ಟರು. ಗಂಜಿಯ ಎದುರು ಕುಳಿತು ಅದನ್ನು ಸುಮ್ಮನೆ ನೋಡುತ್ತಿದ್ದರು.

ಒಮ್ಮೆ ತಪಾಸಣೆಗೆ ಮಣಿಪಾಲಕ್ಕೆ ಬಂದಾಗ ಇಬ್ಬರನ್ನೂ ಅಲ್ಲೇ ಇದ್ದ ನನ್ನ ಆಫೀಸಿನ ಎದುರಿನ ಚೈನೀಸ್ ಹೋಟೆಲಿಗೆ ಕರೆದುಕೊಂಡು ಹೋದೆ. ಮಲೇಷ್ಯಾದ ವಿದ್ಯಾರ್ಥಿಗಳು ತುಂಬಿರುತ್ತಿದ್ದ ಜಾಗ ಅದು. ನೂಡಲ್ಸಿನ ಬದಿಗಿಟ್ಟ ಕೆಂಪು ಸಾಸನ್ನು ಗಂಡ ನಾಲಗೆಗೆ ಮುಟ್ಟಿಸಿ, "ಪೆನಾಂಗ್ ಬಂದರಿನಲ್ಲಿ ತಿಂದದ್ದು ಇದೇ" ಎಂದರು. ತಟ್ಟೆ ಖಾಲಿಯಾಯಿತು. ಬಾಯಮ್ಮ ತಾನು ತಿನ್ನುವುದು ಬಿಟ್ಟು ಆ ತಟ್ಟೆಯನ್ನೇ ನೋಡುತ್ತಿದ್ದರು.

ಅಂದಿನಿಂದ ಅವರ ಅರೆಯುವ ಕಲ್ಲಿಗೆ ಬಿಡುವಿಲ್ಲ. ಹೋಟೆಲಿನಿಂದ ಮಾದರಿ ತರುವ ಕೆಲಸ ನನ್ನದು. ಔಷಧದ ಬಾಟಲಿಯಲ್ಲಿ ತುಂಬಿಸಿ, ಬಸ್ಸಿನಲ್ಲಿ ಯಾರ ಬಿಳಿ ಪಂಚೆಯ ಮೇಲೆ ಚೆಲ್ಲುತ್ತದೋ ಎಂದು ಮಣಿಪಾಲದಿಂದ ಕಾಪುವರೆಗೂ ಮುಚ್ಚಳವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಬರುತ್ತಿದ್ದೆ. ಬಾಯಮ್ಮ ಬ್ಯಾಡಗಿ ಮೆಣಸಿಗೆ ಶೇಂದಿಯ ಹುಳಿ ಹಾಕಿದರೆ ಅದು ಹಂದಿ ಮಾಂಸದ ಮಸಾಲೆಯಾಗುತ್ತಿತ್ತು. ಬೆಲ್ಲ ಹಾಕಿದರೆ ಉಪ್ಪಿನಕಾಯಿ. ಶುಂಠಿ ಜಾಸ್ತಿಯಾದರೆ ಕಷಾಯ. ಸೋಯಾ ಸಾಸು ಎಂಬುದೊಂದು ಉಂಟೆಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

"ಹಡಗಿನಲ್ಲಿ ಅಡುಗೆ ಮಾಡಿದವರು ನೀವು, ಎಂತ ಹಾಕುವುದಂತ ಹೇಳಬಾರದಾ?" ಎಂದು ಗಂಡನನ್ನು ಚುಚ್ಚುತ್ತಿದ್ದರು.

"ನಾನು ಬೇಯಿಸಿದ್ದು ಬಟಾಟೆ" ಎನ್ನುತ್ತಿದ್ದರು ಅವರು.

ಒಂದು ಆದಿತ್ಯವಾರ ಬಾಯಮ್ಮ ಇಗರ್ಜಿಯಿಂದ ಬಂದವರೇ ಅರೆದು, ನಮ್ಮಿಬ್ಬರ ಎದುರು ಬಸಿ ಇಟ್ಟರು. ನನ್ನ ಬಾಯಿಗೆ ಉಪ್ಪೇ ಸಿಗಲಿಲ್ಲ. ಹೇಳುವುದೋ ಬೇಡವೋ ಎಂದು ನಾನು ಎಂದಿನಂತೆ ಅಳೆದು ಸುರಿಯುವಷ್ಟರಲ್ಲಿ ಗಂಡ, "ಇದೇ ನೋಡು" ಎಂದುಬಿಟ್ಟರು. ಗಂಜಿಯನ್ನೂ ಪೂರ್ತಿ ಕುಡಿದರು. ಬಾಯಮ್ಮ ಸೆರಗಿಗೆ ಕೈ ಒರೆಸಿಕೊಂಡು, ಬಸಿ ಎತ್ತಿಕೊಂಡು ಒಳಗೆ ಹೋದರು.

ಆಗ ಗಂಡ ದನಿ ತಗ್ಗಿಸಿದರು. "ಬಾಯಿಗೆ ಎಂತದೂ ಗೊತ್ತಾಗುವುದಿಲ್ಲ ಮಾರಾಯ. ಆ ಹೋಟೆಲಿನಲ್ಲಿಯೂ ಅಷ್ಟೇ. ಉರಿಯೊಂದು ಗೊತ್ತಾಗ್ತದೆ, ಅದೇ ದೊಡ್ಡದು. ಅವಳಿಗೆ ಹೇಳಬೇಡ, ಪಾಪ, ಅಷ್ಟು ಅರೆಯುತ್ತಾಳೆ."

ನಾನು ಹೇಳಲಿಲ್ಲ. ಗಡ್ಡೆ ಮತ್ತೆ ಬಂದು ಅವರು ತೀರಿಕೊಳ್ಳುವವರೆಗೂ ಪಕ್ಕದ ಮನೆಯಲ್ಲಿ ಕಲ್ಲಿನ ಸದ್ದು ಕೇಳುತ್ತಿತ್ತು.

ಇಗರ್ಜಿಯಲ್ಲಿ ಗಂಡನ ತಿಂಗಳ ಪೂಜೆ ಕಳೆದ ಮೇಲೆ ಬಾಯಮ್ಮ ಔಷಧದ ಬಾಟಲಿಗಳನ್ನೆಲ್ಲ ತೊಳೆದು ನನಗೆ ವಾಪಸು ಕೊಡಲು ಬಂದರು. ಅಳಲಿಲ್ಲ. ನನಗೂ ಏನೂ ಅನ್ನಿಸಲಿಲ್ಲ. ಅನ್ನಿಸುವುದಿಲ್ಲವಲ್ಲ ಎಂಬ ಚಿಂತೆ ಮಾತ್ರ ಆಯಿತು.

"ಅವತ್ತು ಇದೇ ಅಂದರಲ್ಲ," ಎಂದರು ಬಾಯಮ್ಮ, "ಅವತ್ತು ನಾನು ಉಪ್ಪು ಮರೆತಿದ್ದೆ. ಒಳಗೆ ಹೋಗಿ ನೆಕ್ಕಿ ನೋಡಿದೆ."

ಗೊತ್ತಿದ್ದೂ ಯಾಕೆ ದಿನಾ ಅರೆದಿರಿ ಎಂದು ಕೇಳಿದೆ.

"ಊಟ ಮಾಡುತ್ತಿದ್ದರು, ಅಲ್ವಾ?" ಬಾಟಲಿಯೊಂದರ ಮುಚ್ಚಳ ಬಿಗಿ ಮಾಡುತ್ತ, "ಉಪ್ಪು ಮತ್ತೆ ಒಂದು ದಿನವೂ ಮರೆಯಲಿಲ್ಲ" ಎಂದರು.

ಆಮೇಲೆ ಅವರು ಕಾರ್ಕಳದ ತಂಗಿಯ ಮನೆಗೆ ಹೋದರು. ತೀರಿಹೋದದ್ದು ನನಗೆ ತಿಳಿದದ್ದು ತುಂಬ ತಡವಾಗಿ. ಹೋಟೆಲಿದ್ದಲ್ಲಿ ಈಗ ಮೊಬೈಲು ಅಂಗಡಿ. ಆ ಸಾಸಿನ ರುಚಿ ಬಲ್ಲವನೆಂದು ಉಳಿದದ್ದು ನಾನೊಬ್ಬ, ನನಗೂ ಮರೆತಿದೆ…

ಮಗಳು ಚಮಚ ಚಾಚಿದಳು. "ಉಪ್ಪು ಸಾಕಾ ನೋಡಿ ಅಪ್ಪ."

ನಾಲಗೆ ಉರಿಯಿತು, ಅಷ್ಟೆ. ಸರಿ ಉಂಟು ಎಂದೆ. ಅವಳು ನನ್ನ ಮುಖ ನೋಡಿ, ತಾನೇ ಬೆರಳು ಅದ್ದಿ ನೆಕ್ಕಿ, ಒಂದು ಚಿಟಿಕೆ ಉಪ್ಪು ಹಾಕಿದಳು.